ನಾಲ್ಕು ಪುಟದಾಗ ಖರಾಬು ಎಷ್ಟು?

ಬೆಳೆ ವಿಮೆಯ ಅರ್ಜಿಯಲ್ಲಿ ‘ಬೆಳೆಯ ಹೆಸರು’ ಅಂತ ಅಚ್ಚಾಗಿತ್ತು. ಅದರ ಮುಂದೆ ನಮ್ಮ ಅಳಿಯ ದುಂಡಗೆ ‘ಹೆಸರು’ ಅಂತ ಬರೆದು ಕೊಟ್ಟ. ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗಿ ಕರಾವಳಿ ಕಡೆಯಿಂದ ಈಗಷ್ಟೇ ನಮ್ಮ ಕಡೆಗೆ ಬಂದವಳು.

‘ಹೆಸರು ಬರೀರಿ’ ಅಂದಳು.

‘ಬರದೀನಲ್ರಿ, ಹೆಸರು.’

‘ಅದೇ, ಏನು ಹೆಸರು?’

‘ಹೆಸರು ರೀ.’

‘ಅಯ್ಯೋ, ನಿಮ್ಮ ಹೆಸರಲ್ಲ, ಬೆಳೆಯದ್ದು!’

‘ಬೆಳೀದ ರೀ, ಹೆಸರು!’

ಪಾಳಿಯಲ್ಲಿ ನಿಂತವರಿಗೆಲ್ಲ ಅವತ್ತು ಪುಕ್ಕಟೆ ನಾಟಕ. ಕೊನೆಗೆ ಹಿಂದೆ ನಿಂತಿದ್ದ ಮುದುಕಿಯೊಬ್ಬಳು ಉಡಿಯಿಂದ ನಾಲ್ಕು ಹಸಿರು ಕಾಳು ತೆಗೆದು ಮೇಜಿನ ಮೇಲೆ ಚೆಲ್ಲಿ, ‘ಇದ ನೋಡವಾ ಹೆಸರು’ ಅಂದ ಮೇಲೆ ಅರ್ಜಿ ಮುಂದೆ ಸರಿಯಿತು.

ಮುಂದೆ ಈ ಅಳಿಯನ ಮರ್ಯಾದೆಯನ್ನು ಸಾಕಷ್ಟು ತೆಗೆಯುವವನಿದ್ದೇನೆ. ಅದಕ್ಕೇ ಮೊದಲು ಅವನ ಪರವಾಗಿ ಇದೊಂದು ಮಾತು ಹೇಳಿಬಿಟ್ಟೆ. ಪ್ರಶ್ನೆ ಓದಿ, ತಿಳಿದು, ಒಂದೇ ಶಬ್ದದಲ್ಲಿ ಸರಿಯಾದ ಉತ್ತರ ಬರೆದದ್ದನ್ನು ಅವನಲ್ಲಿ ನಾನು ಕಂಡದ್ದು ಅದೊಂದೇ ಸಲ. ಅವತ್ತೂ ಯಾರೂ ನಂಬಲಿಲ್ಲ.

ಅಳಿಯ ಅಂದರೆ ನಮ್ಮ ಅಕ್ಕನ ಮಗ. ಜಕ್ಕಲಿಯಲ್ಲಿ ನಮ್ಮ ಮನೆಯಲ್ಲೇ ಬೆಳೆದವನು. ಬಸ್ಸು ಹತ್ತಿ ಕಾಲೇಜಿಗೆ ಹೋಗಿ ಬಿ.ಎ. ಓದುತ್ತಾನೆ. ಈ ‘ಓದುತ್ತಾನೆ’ ಅನ್ನುವುದಿದೆಯಲ್ಲ, ಅದು ಕನ್ನಡ ಭಾಷೆಯ ದೊಡ್ಡ ಔದಾರ್ಯ. ಹುಡುಗ ಕಾಲೇಜಿಗೆ ಫೀ ತುಂಬಿದ ದಿನದಿಂದ ಅವನು ಬಿ.ಎ. ‘ಓದುತ್ತಿದ್ದಾನೆ’. ಏನು ಓದುತ್ತಿದ್ದಾನೆ ಅಂತ ಕೇಳಿದರೂ ‘ಬಿ.ಎ.’ ಅನ್ನುವುದೇ ಉತ್ತರ, ಯಾವ ಪುಸ್ತಕ ಅಂತ ಯಾರೂ ಕೇಳುವುದಿಲ್ಲ. ನಮ್ಮ ಕಡೆ ಹಿರಿಯರು ‘ಕಲಿಯಾಕತ್ತಾನ’ ಅಂತಾರೆ, ಅದು ಇನ್ನೂ ದೊಡ್ಡ ಸುಳ್ಳು. ನಡುವೆ 2021ರಲ್ಲಿ ಹೊಸ ನೀತಿ ಬಂದು ಡಿಗ್ರಿ ನಾಲ್ಕು ವರ್ಷದ್ದಾಯಿತು, 2024ರಲ್ಲಿ ಮತ್ತೆ ಮೂರಕ್ಕೆ ಇಳಿಯಿತು. ಪ್ರೊಫೆಸರುಗಳು ಎರಡಕ್ಕೂ ಸೆಮಿನಾರು ಮಾಡಿದರು. ಅಳಿಯನ ಲೆಕ್ಕದಲ್ಲಿ ಮೂರು ವರ್ಷ ಓದದೆ ಇರುವುದಕ್ಕೂ ನಾಲ್ಕು ವರ್ಷ ಓದದೆ ಇರುವುದಕ್ಕೂ ಒಂದು ಬಸ್ ಪಾಸಿನಷ್ಟು ಫರಕು.

ಹೋದ ಅಕ್ಟೋಬರಿನ ಕೊನೆಗೆ ಅವನಿಗೊಂದು ಅಸೈನ್‌ಮೆಂಟ್ ಬಂತು. ‘ಕರ್ನಾಟಕ ಏಕೀಕರಣ’, ನಾಲ್ಕು ಪುಟಕ್ಕೆ ಕಡಿಮೆ ಇರಬಾರದು. ನನಗೆ ಅಕ್ಕ ಚಹಾ ತಂದುಕೊಟ್ಟಾಗ ಅವನು ಬರೆಯಲು ಕೂತ. ನಾನು ಬಸಿಯಲ್ಲಿ ಸುರುವಿದ ಚಹಾ ಆರುವಷ್ಟರಲ್ಲಿ ‘ಮುಗೀತು ಮಾಮಾ’ ಅಂತ ಎದ್ದ. ಇಷ್ಟು ಬೇಗ ಸ್ವತಃ ರಾಜ್ಯ ಪುನರ್ವಿಂಗಡಣಾ ಆಯೋಗಕ್ಕೂ ಬರೆಯಲಿಕ್ಕೆ ಆಗಿರಲಿಲ್ಲ.

ಇಸಕೊಂಡು ಓದಿದೆ. ಮೊದಲ ವಾಕ್ಯ, ‘ಮಾನವ ಸಂಘಜೀವಿ.’ ನನಗೆ ಆಶ್ಚರ್ಯವಾಗಲಿಲ್ಲ. ನಮ್ಮ ಹುಡುಗರು ಏಕೀಕರಣದ ಬಗ್ಗೆ ಬರೆಯಲಿ, ಜನಸಂಖ್ಯಾ ಸ್ಫೋಟದ ಬಗ್ಗೆ ಬರೆಯಲಿ, ಗ್ರಂಥಾಲಯದ ಮಹತ್ವದ ಬಗ್ಗೆ ಬರೆಯಲಿ, ಮಾನವ ಸಂಘಜೀವಿಯಾಗಿಯೇ ಒಳಗೆ ಬರುತ್ತಾನೆ. ಅರಿಸ್ಟಾಟಲ್ ಯಾವತ್ತೋ ಹೇಳಿದ ಒಂದು ಮಾತು ಗದಗ ಜಿಲ್ಲೆಯಲ್ಲಿ ಇಷ್ಟು ಬಾಳಿಕೆ ಬಂದದ್ದನ್ನು ಕಂಡಿದ್ದರೆ ಆ ಪುಣ್ಯಾತ್ಮ ಇನ್ನೊಂದು ನಾಲ್ಕು ಹೇಳಿ ಹೋಗುತ್ತಿದ್ದ. ಮೂರನೆಯ ಪುಟಕ್ಕೆ ಬಂದೆ. ಅಲ್ಲಿ ಹೀಗಿತ್ತು: ‘ಜಕ್ಕಲಿಯ ನದಿ ತೀರದಲ್ಲಿ ಸಾವಿರಾರು ಜನರು ಸೇರಿ ನಾಡಿಗಾಗಿ ಪ್ರತಿಜ್ಞೆ ಮಾಡಿದರು.’

‘ಅಳಿಯಪ್ಪಾ, ನದಿ ಎಲ್ಲೈತಿ?’

‘ಯಾವ ನದಿ?’

‘ನೀನ ಬರದೀಯಲ್ಲ, ಜಕ್ಕಲಿ ನದಿ.’

ಇಣುಕಿ ನೋಡಿದ. ಮುಖದಲ್ಲಿ ನಾಚಿಕೆ ಬರಲಿಲ್ಲ, ಕುತೂಹಲ ಬಂತು. ‘ಹೌದಲ್ಲ ಮಾಮಾ! ನಮ್ಮೂರಾಗ ನದಿ ಐತೇನು?’

ಹುಟ್ಟಿದಾಗಿನಿಂದ ಈ ಊರಿನ ಕೊಡದ ನೀರು ಕುಡಿದವನು ನನ್ನನ್ನು ಕೇಳುತ್ತಾನೆ! ಹೊಳೆ ನೋಡಬೇಕಾದರೆ ನಾವು ಹೊಳೆಆಲೂರಿಗೆ ಹೋಗಬೇಕು, ಮಲಪ್ರಭೆ ಇರುವುದು ಅಲ್ಲಿ, ತಾಲ್ಲೂಕಿನ ಆ ತುದಿಗೆ. ಎರಿ ಭೂಮಿಯಲ್ಲಿ ಮುಗಿಲು ನೋಡುತ್ತ ಕೂತವರು ನಾವು. ಅಂಥ ಊರಿಗೆ ಒಂದೇ ವಾಕ್ಯದಲ್ಲಿ ನೀರಾವರಿ ಆಗಿಬಿಟ್ಟಿತ್ತು. ಯಾವ ಸರಕಾರದ ಕೈಯಲ್ಲೂ ಆಗದ ಕೆಲಸ.

‘ಫೋನ್ ಬರದೈತಿ ಮಾಮಾ. ನಾ ಬರೇ ಇಳಿಸಿಕೊಂಡೀನಿ. ಅದಕ್ಕ ಗೊತ್ತಿರತೈತಿ ಅನ್ಕೊಂಡೆ.’

ಮಜಾ ಏನೆಂದರೆ, ಏಕೀಕರಣದ ಬಗ್ಗೆ ನಾಲ್ಕು ಪುಟ ತುಂಬಿಸಲಿಕ್ಕೆ ಫೋನು ಬೇಕಾಗದ ಊರು ಕರ್ನಾಟಕದಲ್ಲಿ ಯಾವುದಾದರೂ ಇದ್ದರೆ ಅದು ಜಕ್ಕಲಿ. ಅಂದಾನಪ್ಪ ದೊಡ್ಡಮೇಟಿಯವರ ಊರು ಇದು. ಮುಂಬೈ ವಿಧಾನಸಭೆಯಲ್ಲಿ ಕೂತು ಕನ್ನಡದವರೆಲ್ಲ ಒಂದು ಪ್ರಾಂತದಲ್ಲಿ ಇರಬೇಕು ಅಂತ ಮಾತೆತ್ತಿದವರು. 1956ರಲ್ಲಿ ರಾಜ್ಯ ಒಂದಾದ ಮೇಲೂ ‘ಮೈಸೂರು’ ಅನ್ನುವ ಹೆಸರು ಸಾಲದು, ‘ಕರ್ನಾಟಕ’ ಆಗಬೇಕು ಅಂತ ಬೆನ್ನು ಹತ್ತಿದವರು. ಆ ಹೆಸರು ಬಂದದ್ದು 1973ರ ನವೆಂಬರ್ ಒಂದಕ್ಕೆ. ದೊಡ್ಡಮೇಟಿಯವರು 1972ರಲ್ಲೇ ತೀರಿಕೊಂಡಿದ್ದರು. ಗದಗಿನ ಕಲಾವಿದ ಸಿ.ಎನ್. ಪಾಟೀಲರಿಂದ 1953ರಲ್ಲಿ ಅವರು ಬರೆಯಿಸಿದ ಭುವನೇಶ್ವರಿಯ ಚಿತ್ರ ಅವರ ಮನೆಯಲ್ಲಿದೆ. ನವೆಂಬರ್ ಬಂತೆಂದರೆ ಎಲ್ಲೆಲ್ಲಿಂದಲೋ ಅದನ್ನು ನೋಡಲು ಬರುತ್ತಾರೆ, ಪೇಪರಿನವರು ಫೋಟೋ ಹಾಕುತ್ತಾರೆ. ಅಳಿಯ ದಿನಾ ಬಸ್ ಸ್ಟ್ಯಾಂಡಿಗೆ ಹೋಗುವಾಗ ಫೋನಿನಲ್ಲಿ ತಲೆ ತೂರಿಸಿಕೊಂಡು ಆ ಇತಿಹಾಸದ ಪಕ್ಕದಿಂದಲೇ ಹಾಯ್ದು ಹೋಗಿ, ಅಲ್ಲಿಲ್ಲದ ನದಿಯಲ್ಲಿ ಕೈಕಾಲು ತೊಳೆದುಕೊಳ್ಳುತ್ತಾನೆ.

ಬೈಯೋಣ ಅನ್ನಿಸಿತು. ಆದರೆ ಬೈಯುವ ಹಕ್ಕು ನನಗೆ ಎಲ್ಲಿದೆ? ನಾನು ಮೂವತ್ತು ವರ್ಷ ಮಾಸ್ತರಿಕೆ ಮಾಡಿದವನು. ಮಾಸ್ತರಿಕೆ ಅಂದರೆ ನೋಟ್ಸ್ ಬರೆಸುವುದು. ‘ಬರಕೊಳ್ಳಿ. ಪೀಠಿಕೆ. ಎರಡು ಗೆರೆ ಎಳೀರಿ.’ ನಾನು ಗೈಡು ನೋಡಿ ಬರೆಸಿದೆ, ಗೈಡು ಬರೆದವನು ಅದರ ಹಿಂದಿನ ಗೈಡು ನೋಡಿದ್ದ, ಅವನು ಯಾರದೋ ನೋಟ್ಸು ನೋಡಿದ್ದ. ನನ್ನ ನೋಟ್ಸನ್ನು ಹುಡುಗರು ಜೆರಾಕ್ಸ್ ಮಾಡಿಸಿದರು. ಆ ಜೆರಾಕ್ಸಿನ ಜೆರಾಕ್ಸು ತಿಂದೇ ಈಗಿನ ಫೋನು ದಪ್ಪಗಾಗಿದೆ. ಎಂಟನೆತ್ತೆಯಲ್ಲಿ ಒಂದು ಸಲ ಹುಡುಗಿಯೊಬ್ಬಳು ‘ಸರ್ರೀ, ಇದು ಹಂಗ್ಯಾಕ್ರಿ?’ ಅಂತ ಕೇಳಿದ್ದಳು. ‘ಪರೀಕ್ಷೆಕ ಬರೂದಿಲ್ಲ, ಕೂಡ್ರು’ ಅಂದಿದ್ದೆ. ಅವಳು ಕೂತಳು. ಅವತ್ತು ಕೂತವಳು ಮತ್ತೆ ಏಳಲಿಲ್ಲ ಅಂತ ಆಗಾಗ ರಾತ್ರಿ ನೆನಪಾಗುತ್ತದೆ.

ಪುಸ್ತಕಕ್ಕೆ ನಾವು ಮರ್ಯಾದೆ ಕೊಡುವುದಿಲ್ಲ ಅಂತ ಮಾತ್ರ ಯಾರೂ ಅನ್ನುವಂತಿಲ್ಲ. ಕಾಲಿಗೆ ತಾಗಿದರೆ ಕಣ್ಣಿಗೊತ್ತಿಕೊಳ್ಳುತ್ತೇವೆ, ಮಹಾನವಮಿಗೆ ಕುರ್ಚಿಗಿ, ಕುಡಗೋಲಿನ ಜೋಡಿ ಇಟ್ಟು ಪೂಜೆ ಮಾಡುತ್ತೇವೆ. ಪೂಜೆ ಆದ ಮೇಲೆ ಕುರ್ಚಿಗಿ, ಕುಡಗೋಲು ಕೆಲಸಕ್ಕೆ ಹೋಗುತ್ತವೆ, ಪುಸ್ತಕ ಮಾತ್ರ ಮಾಡದಲ್ಲೇ ಉಳಿಯುತ್ತದೆ. ಈಗ ಕಾಲೇಜು ಹುಡುಗರು ಹಳದಿ ಪೆನ್ನೊಂದು ಇಟ್ಟುಕೊಂಡಿದ್ದಾರೆ, ಮುಖ್ಯವಾದ ಸಾಲಿಗೆ ಹಚ್ಚಲಿಕ್ಕೆ. ಅಳಿಯನ ಪುಸ್ತಕ ತೆಗೆದು ನೋಡಿದರೆ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಅರಿಶಿಣ ಶಾಸ್ತ್ರ ಆಗಿತ್ತು. ಪುಟದ ನಂಬರಿಗೂ ಹಚ್ಚಿದ್ದ.

‘ಎಲ್ಲಾ ಮುಖ್ಯ ಅದಾವು ಮಾಮಾ’ ಅಂದ. ಭಕ್ತಿ ಅಂದರೆ ಇದು.

ಇದು ನಮ್ಮ ಮನೆಯದೊಂದೇ ಕತೆ ಅಂತ ಕುಗ್ಗುವುದೂ ಬೇಡ. ಪ್ರಥಮ್ ಸಂಸ್ಥೆಯವರು ‘ಅಸರ್’ ಅಂತ ಹಳ್ಳಿ ಮಕ್ಕಳ ಸಮೀಕ್ಷೆ ಮಾಡುತ್ತಾರಲ್ಲ, 2023ರಲ್ಲಿ ದೇಶದ 28 ಜಿಲ್ಲೆಗಳಲ್ಲಿ 14ರಿಂದ 18 ವರ್ಷದವರನ್ನು ಕೂಡಿಸಿಕೊಂಡು ಓದಿಸಿ ನೋಡಿದರು. ತಮ್ಮ ತಮ್ಮ ಭಾಷೆಯಲ್ಲೇ, ಎರಡನೆತ್ತೆಯ ಪಾಠವನ್ನು ಸರಾಗವಾಗಿ ಓದಲಾರದವರು ಸುಮಾರು ಶೇ 25. ಅದೇ ಮಕ್ಕಳ ಮನೆಗಳಲ್ಲಿ ಶೇ 90ರಷ್ಟು ಕಡೆ ಸ್ಮಾರ್ಟ್‌ಫೋನ್ ಇತ್ತು. ಇವರೇ ನಾಳೆ ಕಾಲೇಜಿನ ಮೆಟ್ಟಿಲು ಹತ್ತುವವರು. ಅಲ್ಲಿ ಅವರಿಗೆ ವಿಮರ್ಶಾತ್ಮಕ ಚಿಂತನೆ ಕಲಿಸಬೇಕು ಅಂತ ಸಿಲಬಸ್ಸಿನಲ್ಲಿ ಬರೆದಿರುತ್ತದೆ. ಅದನ್ನೂ ನೋಟ್ಸ್ ಬರೆಸಿಯೇ ಕಲಿಸುತ್ತಾರೆ. ‘ವಿಮರ್ಶಾತ್ಮಕ ಚಿಂತನೆ ಎಂದರೇನು? ಅದರ ಐದು ಲಕ್ಷಣಗಳನ್ನು ಬರೆಯಿರಿ.’ ಆರನೆಯ ಲಕ್ಷಣ ಬರೆದರೆ ಅಂಕ ಇಲ್ಲ.

ಹೊರದೇಶದವರು ಇದಕ್ಕೆ ಶಾಸ್ತ್ರ ಮಾಡಿಟ್ಟಿದ್ದಾರೆ. ಬ್ಲೂಮ್ ಅನ್ನುವವರು ತಿಳಿವಳಿಕೆಗೆ ಆರು ಮೆಟ್ಟಿಲು ಕಟ್ಟಿದರು. ಕೆಳಗೆ ನೆನಪಿಡುವುದು, ಮೇಲೆ ತೂಗಿ ನೋಡುವುದು. ಅವರ ಪುಸ್ತಕ ಬಂದದ್ದೂ 1956ರಲ್ಲೇ. ನಾವು ಆ ವರ್ಷ ಒಂದಾದೆವು, ಆದರೆ ಆ ಕೆಳಗಿನ ಮೆಟ್ಟಿಲ ಮೇಲೇ ಜಮಖಾನೆ ಹಾಸಿ ಕೂತೆವು. ಅದಕ್ಕೂ ಮುಂಚೆ, 1946ರಲ್ಲಿ, ರಾಬಿನ್ಸನ್ ಅನ್ನುವ ಅಮೆರಿಕದ ಮಾಸ್ತರರು ಪುಸ್ತಕ ಓದುವ ಪದ್ಧತಿಯೊಂದನ್ನು ಹೇಳಿದರು. ಮೊದಲು ಒಂದು ಸುತ್ತು ಕಣ್ಣಾಡಿಸು, ಪ್ರಶ್ನೆ ಹಾಕಿಕೋ, ಆಮೇಲೆ ಓದು, ಓದಿದ್ದನ್ನು ಬಾಯಲ್ಲಿ ಹೇಳಿಕೋ, ಮತ್ತೊಮ್ಮೆ ತಿರುವಿ ನೋಡು. ಇದನ್ನು ಕೇಳಿದಾಗ ನನಗೆ ನಗು ಬಂತು. ದನದ ಸಂತೆಯಲ್ಲಿ ಎತ್ತು ಕೊಳ್ಳುವವನು ಮಾಡುವುದು ಇದನ್ನೇ ಅಲ್ಲವೇ? ದೂರದಿಂದ ಒಂದು ಸುತ್ತು ಹಾಕುತ್ತಾನೆ, ಮಾರುವವನನ್ನು ಕೇಳುತ್ತಾನೆ, ಬಾಯಿ ಅಗಲಿಸಿ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಡೆಸಿ ನೋಡುತ್ತಾನೆ, ಚಹಾ ಕುಡಿದು ಬಂದು ಮತ್ತೊಮ್ಮೆ ಹಲ್ಲು ನೋಡುತ್ತಾನೆ. ನಮ್ಮ ಅಳಿಯನೂ ಅಷ್ಟೇ. ಎತ್ತು ಕೊಡಿಸಲು ಕರೆದುಕೊಂಡು ಹೋಗಿ, ‘ನಾಕಹಲ್ಲಿಂದು ಅಂತ ಹೇಳಿ ಬಾಯಿಗೂಡಿದ್ದು ಕೊಡಾಕತ್ತೀರಿ’ ಅಂತ ದಲಾಲಿಯ ಬೆವರಿಳಿಸುತ್ತಾನೆ. ಅದೇ ಹುಡುಗ ಅಚ್ಚಾದ ಅಕ್ಷರ ಕಂಡ ಕೂಡಲೇ ಅದರ ಬಾಯಿ ಬಿಚ್ಚಿ ನೋಡಲು ಹೆದರುತ್ತಾನೆ. ನನಗೆ ಬಗೆಹರಿಯದ ಒಗಟು ಇದು.

ಒಗಟು ಬಿಚ್ಚಿದ್ದು ನಮ್ಮಪ್ಪ. ಅವನಿಗೀಗ ಎಂಬತ್ತನಾಲ್ಕು. ಮುಲ್ಕಿ ಪಾಸು. ಆ ಕಾಲಕ್ಕೆ ಮುಲ್ಕಿ ಪಾಸಾದವರನ್ನು ಕರೆದು ಮಾಸ್ತರ ಮಾಡುತ್ತಿದ್ದರು ಅಂತ ಅವನೇ ಸಾವಿರ ಸಲ ಹೇಳಿದ್ದಾನೆ. ಅಸೈನ್‌ಮೆಂಟಿನ ಮರುದಿನವೇ ಪಕ್ಕದೂರಿನವನೊಬ್ಬ ಹೊಲ ಮಾರುವ ಮಾತು ತಗೊಂಡು ನಮ್ಮ ಕಟ್ಟೆಗೆ ಬಂದ. ಉತಾರ ಮುಂದಿಟ್ಟ. ಬೆಂಗಳೂರು ಕಡೆಯವರು ಪಹಣಿ ಅನ್ನುತ್ತಾರಲ್ಲ, ಅದು. ಮೊದಲು ತಲಾಟಿ ಕೈಬರಹದಲ್ಲಿ ಕೊಡುತ್ತಿದ್ದ, ಭೂಮಿ ಯೋಜನೆ ಬಂದ ಮೇಲೆ ಕಂಪ್ಯೂಟರಿನಿಂದ ಬರುತ್ತದೆ.

ಅಪ್ಪ ಚಾಳೀಸು ಏರಿಸಿದ. ಅದರ ಒಂದು ಕಡ್ಡಿ ಮುರಿದು ಬಿಳಿ ದಾರ ಕಟ್ಟಿದೆ. ಕಾಗದವನ್ನು ಬಿಸಿಲಿಗೆ ಹಿಡಿದ. ಮೇಲಿನಿಂದ ಕೆಳಗೆ ಓದಲಿಲ್ಲ. ಉಗುರು ಸೀದಾ ಮೂರನೆಯ ಕಾಲಮ್ಮಿಗೆ ಹೋಯಿತು, ಹೊಲ ಒಟ್ಟು ಎಷ್ಟು, ಅದರಲ್ಲಿ ಸಾಗುವಳಿಗೆ ಬಾರದ ಖರಾಬು ಎಷ್ಟು ಅನ್ನುವುದು ಅಲ್ಲಿರುತ್ತದೆ.

‘ಎಷ್ಟಂದಿ ಹೊಲ?’

‘ಎರಡೆಕರೆ ಮೂವತ್ತು ಗುಂಟೆರಿ ಯಜಮಾನ್ರ.’

‘ಖರಾಬು ಹತ್ತು ಗುಂಟೆ ಐತಿ. ಎರಡೂವರಿ ಎಕರೆ ಅನ್ನು.’

ಬಂದವನು ಕೆಮ್ಮಿದ. ಉಗುರು ಒಂಬತ್ತಕ್ಕೆ ಸರಿಯಿತು, ಅದು ಮಾಲೀಕರ ಹೆಸರಿನ ಕಾಲಮ್ಮು. ‘ನಿನ್ನ ತಮ್ಮಂದೂ ಐತಲ್ಲ ಹೆಸರು. ಅಂವ ಎಲ್ಲಿ?’ ತಮ್ಮ ಗೋವಾಕ್ಕೆ ದುಡಿಯಲು ಹೋಗಿದ್ದಾನಂತೆ. ಹತ್ತನೆಯ ಕಾಲಮ್ಮು, ಹೊಲ ಇವರಿಗೆ ಹೇಗೆ ಬಂತು ಅನ್ನುವುದು. ‘ವಾರಸಾ. ಅಕ್ಕತಂಗ್ಯಾರು ಅದಾರೇನು?’ ಇದ್ದಾರಂತೆ, ಇಬ್ಬರು. ಹನ್ನೊಂದು, ಋಣಗಳ ಕಾಲಮ್ಮು. ‘ಸೊಸೈಟಿದು ಬೋಜಾ ಹಂಗ ಐತಿ.’ ಅದು ತೀರಿದೆ, ತೆಗೆಸುವುದೊಂದು ಬಾಕಿ ಅಂದ ಅವನು. ಕೊನೆಗೆ ಹನ್ನೆರಡು, ಸಾಗುವಳಿ ಯಾರು ಮಾಡುತ್ತಿದ್ದಾರೆ, ಏನು ಬೆಳೆ. ಅಲ್ಲಿ ಕಡಲೆ ಅಂತ ಇತ್ತು. ಅಪ್ಪ ಚಾಳೀಸು ತೆಗೆದು ಅವನ ಮುಖ ನೋಡಿದ.

‘ಹ್ವಾದ ವರ್ಷ ಜಾತ್ರಿಗೆ ಹೋಗೂ ಮುಂದ ನಾ ಆ ಹೊಲ ನೋಡೀನಪಾ. ಕಾಗದದಾಗ ಕಡಲಿ ಐತಿ, ಹೊಲದಾಗ ಜಾಲಿ ಐತಿ.’

ಆಮೇಲೆ ಅವನಿಗೆ ಚಹಾ ಕುಡಿಸಿ, ‘ತಮ್ಮನ್ನ ಕರಕೊಂಡು ಬಾ, ತಂಗ್ಯಾರ್ನೂ ಕೇಳು, ಮಾತಾಡೂಣು’ ಅಂತ ಕಳಿಸಿದ. ಒಟ್ಟು ಹತ್ತು ಮಿನಿಟಿನ ಕೆಲಸ.

ನಾನು ಬಾಯಿ ತೆಗೆದುಕೊಂಡು ಕೂತಿದ್ದೆ. ಬ್ಲೂಮ್ ಸಾಹೇಬರ ಆರೂ ಮೆಟ್ಟಿಲನ್ನು ನಮ್ಮಪ್ಪ ಧೋತರದ ಚುಂಗು ಹಿಡಿದು ಹತ್ತಿ ಇಳಿದುಬಿಟ್ಟಿದ್ದ. ಹೇಳಿದವರು ಯಾರು, ಅವರಿಗೆ ಅದು ಎಲ್ಲಿಂದ ಬಂತು, ಅದರ ಮೇಲೆ ಯಾರ ಬೋಜಾ ಇದೆ, ನಿಜವಾಗಿ ಉತ್ತವರು ಯಾರು, ಕಾಗದದಲ್ಲಿದ್ದದ್ದು ಕಣ್ಣಿಗೆ ಕಂಡದ್ದಕ್ಕೆ ತಾಳೆಯಾಗುತ್ತದೋ ಇಲ್ಲವೋ. ಕಾಲೇಜಿನಲ್ಲಿ ಕಲಿಸಬೇಕಾದದ್ದು ಇದಕ್ಕಿಂತ ಹೆಚ್ಚೇನಿದೆ? ನನಗೆ ಕಿಡಿಗೇಡಿ ಬುದ್ಧಿ ಹುಟ್ಟಿತು. ಒಳಗೆ ಹೋಗಿ ಅಳಿಯನ ಅಸೈನ್‌ಮೆಂಟ್ ತಂದು ಅಪ್ಪನ ಕೈಯಲ್ಲಿಟ್ಟೆ.

‘ಇದರ ಉತಾರ ಒಂದಿಷ್ಟು ನೋಡಪಾ.’

ಅಳಿಯ ‘ಏ ಮಾಮಾ!’ ಅಂತ ಓಡಿ ಬಂದ. ತಡವಾಗಿತ್ತು. ಅಪ್ಪ ಆಗಲೇ ಹಾಳೆ ತಿರುವಿ ಎಣಿಸಿ, ‘ನಾಕು ಪುಟದಾಗ ಖರಾಬು ಎಷ್ಟಲೇ?’ ಅಂದ.

ಅಲ್ಲಿಂದ ಅಳತೆ ಸುರುವಾಯಿತು. ಪೆನ್ಸಿಲ್ ತಗೊಂಡು ಮೊದಲ ಪುಟಕ್ಕೆ ಗೆರೆ ಎಳೆದ. ‘ಮಾನವ ಸಂಘಜೀವಿ. ಇದು ಯಾರಿಗಿ ಗೊತ್ತಿಲ್ಲ? ಖರಾಬು.’ ಎರಡನೆಯ ಪುಟದಲ್ಲಿ ಕನ್ನಡಕ್ಕೆ ಭವ್ಯ ಇತಿಹಾಸವಿದೆ, ಸಮೃದ್ಧ ಪರಂಪರೆ ಇದೆ, ಅಪಾರ ಮಹತ್ವವಿದೆ. ‘ಭವ್ಯ ಅಂದ್ರ ಎಷ್ಟು? ಅಳತಿ ಇಲ್ಲ. ಖರಾಬು.’ ನಾಲ್ಕನೆಯ ಪುಟ ‘ಒಟ್ಟಿನಲ್ಲಿ ಹೇಳುವುದಾದರೆ’ ಅಂತ ಸುರುವಾಗಿ ಮೊದಲಿನ ಮೂರು ಪುಟವನ್ನೇ ಹೇಳಿತ್ತು. ‘ಅಳದ ಹೊಲಾನ ಮತ್ತ ಅಳದಾನ.’ ಮೂರನೆಯದರಲ್ಲಿ ನದಿ ಕಂಡಾಗ ಅಪ್ಪ ಪೆನ್ಸಿಲ್ ಕೆಳಗಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಉಳಿದದ್ದು ಹನ್ನೊಂದು ಸಾಲು. ‘ಇದು ಸಾಗುವಳಿ ಜಮೀನು. ಬಾ, ಇನ್ನ ಮುಂದಿನ ಕಾಲಂ ನೋಡೂಣು. ಒಂಬತ್ತರಾಗ ಯಾರ ಹೆಸರು ಹಚ್ಚಲಿ?’

‘ಫೋನಿಂದು ಅಜ್ಜಾ’ ಅಂದ ಅಳಿಯ, ಮೆಲ್ಲಗೆ.

‘ಹತ್ತರಾಗ? ಫೋನಿಗೆ ಎಲ್ಲಿಂದ ಬಂತು? ವಾರಸಾನೋ, ಖರೇದಿನೋ, ಅತಿಕ್ರಮಣನೋ?’

ನಾನು ಅತ್ತ ಕಡೆ ಮುಖ ತಿರುಗಿಸಿದೆ. ಆ ಕಾಲಮ್ಮಿನಲ್ಲಿ ನನ್ನ ಮೂವತ್ತು ವರ್ಷದ ನೋಟ್ಸೂ ಬರುತ್ತದೆ.

ಹನ್ನೊಂದನೆಯದಕ್ಕೆ ಬಂದಾಗ ಅಪ್ಪ ನಗೆ ಬಿಟ್ಟ. ‘ಇದರಾಗ ಬೋಜಾನ ಇಲ್ಲಲೋ. ಎಲ್ಲಾರೂ ಏಕಕಂಠದಿಂದ ಒಪ್ಪಿದರು ಅಂತ ಬರದೈತಿ. ಯಾರೂ ತಕರಾರು ಮಾಡಲಿಲ್ಲೇನು? ಮೈಸೂರು ಕಡೆ ಎಷ್ಟೋ ಮಂದಿ ಬ್ಯಾಡಂದ್ರು. ಅವರು ಯಾಕ ಬ್ಯಾಡಂದ್ರು ಅಂತ ಬರೀಲಿಲ್ಲಂದ್ರ ಇವರು ಯಾಕ ಬೇಕಂದ್ರು ಅಂತ ಹೆಂಗ ಗೊತ್ತಾಗಬೇಕು?’

ಇದು ಅಪ್ಪ ಎಲ್ಲಿ ಕಲಿತದ್ದು ಅಂತ ನನಗೆ ಗೊತ್ತು. ಹರೇದಲ್ಲಿ ಗೀಗೀ ಪದದ ಹುಚ್ಚು ಅವನಿಗೆ. ಹರದೇಶಿಯವರು ಗಂಡು ಹೆಚ್ಚು ಅಂತ ಹಾಡಿದರೆ ನಾಗೇಶಿಯವರು ಹೆಣ್ಣು ಹೆಚ್ಚು ಅಂತ ಎದ್ದು ನಿಲ್ಲುತ್ತಿದ್ದರು. ಬೆಳತನಕ ಸವಾಲು, ಜವಾಬು. ಎದುರಿನವರು ಹಾಡಿದ್ದನ್ನು ಕಿವಿಗೊಟ್ಟು ಕೇಳದವನು ಜವಾಬು ಕಟ್ಟುವುದು ಹೇಗೆ? ಪುರಾಣದ ಆಧಾರ ತಪ್ಪಿದರೆ ಕೂತ ಮಂದಿಯೇ ‘ಹೋ’ ಅನ್ನುತ್ತಿದ್ದರು. ಅಂಥ ಪರೀಕ್ಷಾ ಪದ್ಧತಿ ಯಾವ ವಿಶ್ವವಿದ್ಯಾಲಯದಲ್ಲೂ ಇಲ್ಲ. ಗೈಡಂತೂ ಇರಲೇ ಇಲ್ಲ.

ಅಳಿಯ ಸುಮ್ಮನೆ ಕೂತಿದ್ದ. ಬೇಜಾರಾಗಿದ್ದಾನೆ ಅಂತ ನಾನು ತಿಳಿದರೆ, ಮಹಾರಾಯ ಬೇರೆಯದೇ ಲೆಕ್ಕ ಹಾಕುತ್ತಿದ್ದ. ಫೋನು ತೆಗೆದು ಊರಿನ ಗ್ರೂಪಿಗೆ ಬೆಳಿಗ್ಗೆ ಬಂದಿದ್ದೊಂದು ಮೆಸೇಜ್ ತೋರಿಸಿದ. ನಮ್ಮ ರಾಷ್ಟ್ರಗೀತೆಯನ್ನು ಯುನೆಸ್ಕೊ ಜಗತ್ತಿನಲ್ಲೇ ಶ್ರೇಷ್ಠ ಅಂತ ಘೋಷಿಸಿದೆ, ಈಗಷ್ಟೇ, ಎಲ್ಲರಿಗೂ ಕಳಿಸಿ. ‘ಅಜ್ಜಾ, ಇದರಾಗ ಒಂಬತ್ತನೇ ಕಾಲಂ ಖಾಲಿ ಐತಿ. ಯಾರು ಹೇಳಿದ್ರು ಅಂತ ಹೆಸರ ಇಲ್ಲ.’ ಆ ಸುದ್ದಿ ಹುಟ್ಟಿ ಹದಿನೈದು ವರ್ಷದ ಮೇಲಾಗಿದೆ. ನಾವು ಅಂಥದ್ದೇನೂ ಘೋಷಿಸಿಲ್ಲ ಅಂತ ಯುನೆಸ್ಕೊದವರೇ 2008ರಲ್ಲಿ ಹೇಳಿ ಆಗಿದೆ. ಆದರೂ ಪ್ರತಿ ಆಗಸ್ಟಿನಲ್ಲಿ, ಪ್ರತಿ ನವೆಂಬರಿನಲ್ಲಿ ಅದು ‘ಈಗಷ್ಟೇ’ ಆಗುತ್ತದೆ. ಅದನ್ನು ಗ್ರೂಪಿಗೆ ಹಾಕಿದವನು ಯಾರು ಅಂತ ಅಳಿಯ ಮೇಲೆ ಸರಿಸಿ ನೋಡಿದ. ನೋಡಿ ನನ್ನ ಕಡೆ ನೋಡಿದ. ನಾನು ಚಹಾ ಇನ್ನೊಂದು ಸಲ ಬೇಕು ಅಂತ ಅಕ್ಕನನ್ನು ಕೂಗಿದೆ.

ಮಾನ ಉಳಿಸಿಕೊಳ್ಳಲು ನಾನು ದೊಡ್ಡ ಮಾತೊಂದು ತೆಗೆದೆ. ‘ಇದೆಲ್ಲಾ ನಮ್ಮ ಮಣ್ಣಿನ ಗುಣ ಅಳಿಯಪ್ಪಾ. ನಮ್ಮ ಮಂದಿ ಓದದ ಇದ್ರೂ ಕಾವ್ಯ ಬಲ್ಲವರು ಅಂತ ಸಾವಿರದ ನೂರೈವತ್ತು ವರ್ಷದ ಹಿಂದ ನೃಪತುಂಗ ಕವಿರಾಜಮಾರ್ಗದಾಗ ಬರದಾನ. ತಿರುಳ್ಗನ್ನಡದ ನಾಡು ಅಂತ ಅಂವ ಹೇಳೂದು ಯಾವುದು? ಕಿಸುವೊಳಲು ಅಂದ್ರ ಪಟ್ಟದಕಲ್ಲು, ಕೊಪಣ ಅಂದ್ರ ಕೊಪ್ಪಳ, ಪುಲಿಗೆರೆ ಅಂದ್ರ ಲಕ್ಷ್ಮೇಶ್ವರ, ಆ ಕಡೆ ಒಕ್ಕುಂದ. ನಡುವ ಯಾರದೀವಿ? ನಾವು!’

ಅಪ್ಪ ತಲೆದೂಗಿದ. ಅಳಿಯ ಫೋನಿನಲ್ಲಿ ಏನೋ ಗೀಚಿ, ಈ ಸಲ ಎರಡು ಮೂರು ಕಡೆ ನೋಡಿ, ‘ಮಾಮಾ, ಒಂಬತ್ತನೇ ಕಾಲಂ ತಪ್ಪೈತಿ. ಶ್ರೀವಿಜಯ ಬರದಾನಂತ. ನೃಪತುಂಗ ಒಪ್ಪಿಗಿ ಕೊಟ್ಟಾನಷ್ಟ’ ಅಂದ.

‘ಹಂಗಲ್ಲೋ’ ಅಂದೆ. ‘ಒಂಬತ್ತರಾಗ ನೃಪತುಂಗ, ಹನ್ನೆರಡರಾಗ ಶ್ರೀವಿಜಯ.’

‘ಹಂಗಾದ್ರ ಸಾಗುವಳಿ ಶ್ರೀವಿಜಯಂದು’ ಅಂತ ಅಪ್ಪ ಎದ್ದು ಕೂತ. ‘ದೇವರಾಜ ಅರಸರ 1974ರ ಕಾಯ್ದೇದ ಪ್ರಕಾರ ಉಳುವವಗ ಹೊಲ. ಫಾರಂ ನಂಬರ್ ಏಳು ತುಂಬಿದ್ನೇನು ಅಂವ?’

ಪಂಡಿತರು ನೂರು ವರ್ಷ ಜಗಳಾಡಿದ ವ್ಯಾಜ್ಯವನ್ನು ನಮ್ಮ ಕಟ್ಟೆಯ ಭೂನ್ಯಾಯ ಮಂಡಳಿ ಹೀಗೆ ಒಂದೇ ವಾಯಿದೆಯಲ್ಲಿ ಮುಗಿಸಿತು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಅಳಿಯ ಕೇಳಿದ, ‘ಮಾಮಾ, ನೀ ಓದೀಯೇನು ಕವಿರಾಜಮಾರ್ಗ?’

ಬಿ.ಎ.ಯಲ್ಲಿ ನನಗೂ ಅದರ ನೋಟ್ಸ್ ಬರೆಸಿದ್ದರು. ಸುಳ್ಳು ಹೇಳಬಹುದಿತ್ತು. ಆದರೆ ಅಪ್ಪನ ಪೆನ್ಸಿಲ್ ಇನ್ನೂ ಕೈಯಲ್ಲೇ ಇತ್ತು.

ಅವತ್ತು ರಾತ್ರಿ ಮಾಡದಿಂದ ಪುಸ್ತಕ ಇಳಿಸಿ ಧೂಳು ಹೊಡೆದೆ. ಹಳಗನ್ನಡ ಹಲ್ಲಿಗೆ ಹತ್ತುವುದಿಲ್ಲ, ಕೆಳಗಿನ ಅರ್ಥ ನೋಡುತ್ತ ತಡವರಿಸಿಕೊಂಡು ಹೋದೆ. ನಲವತ್ತು ವರ್ಷದಿಂದ ನಾನು ಭಾಷಣದಲ್ಲಿ ಹೊಡೆಯುತ್ತ ಬಂದ ಪದ್ಯದಿಂದ ದೂರದಲ್ಲಿ ಇನ್ನೊಂದು ಮಾತು ಸಿಕ್ಕಿತು. ಇನ್ನೊಬ್ಬರ ವಿಚಾರವನ್ನೂ ಇನ್ನೊಬ್ಬರ ಧರ್ಮವನ್ನೂ ಸೈರಿಸಿಕೊಳ್ಳಬಲ್ಲವರಾದರೆ ಅದೇ ಬಂಗಾರ ಅನ್ನುವ ಅರ್ಥದ್ದು. ನನ್ನ ನೋಟ್ಸಿನಲ್ಲಿ ಅದು ಇರಲಿಲ್ಲ. ಪರೀಕ್ಷೆಗೆ ಬರುವುದಿಲ್ಲ ಅಂತ ಯಾರೋ ಬಿಟ್ಟಿರಬೇಕು.

ಬೆಳಿಗ್ಗೆ ಎದ್ದು ನೋಡಿದರೆ ಅಳಿಯ ಕಟ್ಟೆಯ ಮೇಲೆ ಅಜ್ಜನ ಎದುರು ನೋಟ್‌ಬುಕ್ ಹಿಡಿದು ಕೂತಿದ್ದಾನೆ. ‘ಅಜ್ಜಾ, ಏಕೀಕರಣಕ್ಕಿಂತ ಮೊದಲು ಹೆಂಗಿತ್ತು?’ ಅಪ್ಪನಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನಾವಿದ್ದದ್ದು ಮುಂಬೈ ಸರಕಾರದಲ್ಲಿ. ಮೂಡಲಿಗೆ ಯಲಬುರ್ಗಿ, ಕುಷ್ಟಗಿ ನಿಜಾಮನವು. ಯಲಬುರ್ಗಿ ಕಡೆ ಕೊಟ್ಟ ಸೋದರತ್ತೆಯನ್ನು ಕರೆಯಲು ಹೋಗುವುದೆಂದರೆ ಬೇರೆ ರಾಜ್ಯಕ್ಕೆ ಹೋದಂತೆ, ಅಲ್ಲಿಯ ರೊಕ್ಕವೇ ಬೇರೆ, ಹಾಲಿ ಸಿಕ್ಕಾ. ‘ಆಕಿ ಹಬ್ಬಕ್ಕ ಬಂದಾಗ ಉಡ್ಯಾಗ ಆ ರೊಕ್ಕ ತರತಿದ್ಲು. ಇಲ್ಲಿ ಅಂಗಡಿಯಾಂವ ತಗೋತಿದ್ದಿಲ್ಲ. ನಾವು ಅದನ್ನ ಆಟಕ್ಕ ಇಟಗೊಂತಿದ್ವಿ.’ ಅಳಿಯ ತಲೆಯೆತ್ತದೆ ಬರೆದುಕೊಳ್ಳುತ್ತಿದ್ದ. ಬರೆದು, ಹೊಡೆದು ಹಾಕಿ, ಮತ್ತೆ ಬರೆಯುತ್ತಿದ್ದ. ಅವನು ಬರೆದದ್ದನ್ನು ತಾನೇ ಹೊಡೆದು ಹಾಕಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

‘ಮತ್ತ ನವೆಂಬರ್ ಒಂದಕ್ಕ ಊರಾಗ ಏನಾತು ಅಜ್ಜಾ, 1956ರಾಗ?’

‘ಪೇಢೆ ಹಂಚಿದ್ರು. ನನಗ ಸಿಗಲಿಲ್ಲ.’

‘ಯಾಕ?’

‘ಮುಗದಿದ್ವು.’

ಅಳಿಯ ಬರೆಯಲು ಪೆನ್ನು ಊರಿದ. ಅಪ್ಪ ಕೈ ಹಿಡಿದ. ‘ತಡಿ. ನಾ ಹೇಳಿದ್ದಷ್ಟ ಬರಕೊಂಡು ಹೋಗಬ್ಯಾಡ. ಎಪ್ಪತ್ತು ವರ್ಷದ ಮಾತು, ಅದರಾಗ ನನಗ ಪೇಢೆ ಸಿಗದ ಸಿಟ್ಟು ಬ್ಯಾರೆ, ಅದೂ ಒಂದು ಬೋಜಾನ. ಓಣ್ಯಾಗ ಮುಂದಿನ ಮನ್ಯಾಗ ನನ್ನ ವಾರಗಿ ಮುದುಕಿ ಅದಾಳಲ್ಲ, ಆಕಿನ್ನೂ ಕೇಳು.’

‘ಆಕಿಗೆ ನೆನಪಿರತೈತೇನು?’

‘ಇರದ ಏನು? ನನ್ನ ಪಾಲಿನ ಪೇಢೆ ತಿಂದಾಕಿನ ಆಕಿ.’